ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕು?

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮಕ್ಕಳು ಕಲಿಯುತ್ತಿರುವ ಪ್ರಾಥಮಿಕ ಶಾಲೆಗೆ ಕೆಲವು ವರ್ಷಗಳ ಹಿಂದೆ ದಾನಿಗಳು ಕೊಡಿಸಿದ ವಿಜ್ಞಾನದ ಉಪಕರಣಗಳು ಬೀಗ ಹಾಕಿದ ಬೀರುವಿನಲ್ಲೇ ಉಳಿದಿವೆ ಎಂದೂ, ಮಕ್ಕಳು ವಿಜ್ಞಾನವನ್ನು ಪ್ರಶ್ನೆ ಮತ್ತು ಉತ್ತರಗಳ ರೂಪದಲ್ಲಿ ಬಾಯಿಪಾಠ ಮಾಡುತ್ತಿದ್ದಾರೆ ಎಂದೂ ನೋವಿನಿಂದ ಬರೆದಿದ್ದೀರಿ. ಈಗ ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ ಹಣ ಕೂಡಿಸಿದ್ದೀರಿ. ಆ ಹಣದಲ್ಲಿ ಯಾವ ಉಪಕರಣಗಳನ್ನು ಕೊಳ್ಳಬೇಕು, ಪ್ರಯೋಗಗಳಿಗೆ ಹೊತ್ತು ಕೊಟ್ಟರೆ ಪಾಠ ಹಿಂದೆ ಬೀಳುವುದಿಲ್ಲವೇ, ವಿಜ್ಞಾನ ಓದಿಲ್ಲದ ನಿಮ್ಮಂಥವರು ತರಗತಿಗೆ ಬಂದು ಮಾಡುವುದಾದರೂ ಏನು ಎಂಬುದು ನಿಮ್ಮ ಪ್ರಶ್ನೆ.

ಹಣದ ಮಾತಿಗೆ ಮುಂಚೆ ಆ ಬೀರುವಿನ ವಿಷಯ ಹೇಳಬೇಕು. ಅದಕ್ಕೆ ಬೀಗ ಬಿದ್ದದ್ದು ಏಕೆಂದು ತಿಳಿದುಕೊಳ್ಳದೆ ಎರಡನೆಯ ಬೀರು ತಂದುಕೊಟ್ಟರೆ ಅದಕ್ಕೂ ಬೀಗವೇ ಬೀಳುತ್ತದೆ. ನಿಮ್ಮ ಪತ್ರದಲ್ಲಿ ಶಿಕ್ಷಕಿಯ ಬಗ್ಗೆ ತುಸು ಅಸಮಾಧಾನ ಕಾಣುತ್ತದೆ. ದಯವಿಟ್ಟು ಅವರ ಜಾಗದಲ್ಲಿ ನಿಂತು ಒಮ್ಮೆ ನೋಡಿ. ಒಂದು ಕೊಠಡಿಯ ತುಂಬ ಮಕ್ಕಳು, ಅವರ ಕೈಯಲ್ಲಿ ಗಾಜು, ತಂತಿ, ನೀರು; ನೋಡಿಕೊಳ್ಳಲು ಇರುವವರು ಅವರೊಬ್ಬರೇ. ಉಪಕರಣಗಳೆಲ್ಲ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿದ್ದರೆ, ಒಂದು ಕಡಿಮೆಯಾದರೂ ಉತ್ತರ ಕೊಡಬೇಕಾದವರು ಅವರೇ. ಪಾಠ ಮುಗಿದ ಮೇಲೆ ಎಲ್ಲವನ್ನೂ ತೊಳೆದು, ಒರೆಸಿ, ಎಣಿಸಿ ಒಳಗಿಡುವಷ್ಟರಲ್ಲಿ ಮುಂದಿನ ಪಾಠದ ಗಂಟೆ ಹೊಡೆದಿರುತ್ತದೆ. ಪ್ರಯೋಗ ಮಾಡಿಸಿದ್ದಕ್ಕೆ ಅವರನ್ನು ಮೆಚ್ಚುವವರು ಅಪರೂಪ, ಒಡೆದುಹೋದದ್ದಕ್ಕೆ ಕೇಳುವವರು ಮಾತ್ರ ತಪ್ಪದೆ ಇರುತ್ತಾರೆ. ಇಂಥ ಸ್ಥಿತಿಯಲ್ಲಿ ಯಾರಾದರೂ ಬೀಗ ಹಾಕುತ್ತಾರೆ, ನಾನಾಗಿದ್ದರೂ ಹಾಕುತ್ತಿದ್ದೆ.

ಆದ್ದರಿಂದ ನಿಮ್ಮ ಗುಂಪು ಮೊದಲು ಹೊರಬೇಕಾದದ್ದು ಒಡೆಯುವ ಭಯವನ್ನು. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಒಡೆದ, ಸವೆದ, ಕಳೆದ ವಸ್ತುಗಳಿಗೆಂದೇ ತೆಗೆದಿಡಿ. ಮಕ್ಕಳ ಕೈಯಲ್ಲಿ ಏನೇ ಹಾಳಾದರೂ ಯಾರನ್ನೂ ಪ್ರಶ್ನಿಸದೆ ತಿಂಗಳೊಳಗೆ ಅದನ್ನು ತುಂಬಿಕೊಡುತ್ತೇವೆ ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ. ಬಾಯಿಮಾತು ಸಾಲದು, ಏಕೆಂದರೆ ಮುಖ್ಯೋಪಾಧ್ಯಾಯರು ಬದಲಾಗುತ್ತಾರೆ, ಮಾತು ಅವರ ಹಿಂದೆಯೇ ಹೊರಟುಹೋಗುತ್ತದೆ. ನಿಮ್ಮಲ್ಲಿ ಒಬ್ಬರು ವಾರಕ್ಕೊಮ್ಮೆ ಬಂದು ಪೆಟ್ಟಿಗೆಯನ್ನು ತೆರೆದು, ತೀರಿದ ಸೆಲ್ಲುಗಳನ್ನು ಬದಲಿಸಿ, ತುಕ್ಕು ಹಿಡಿದ ತಂತಿಯ ತುದಿಗಳನ್ನು ಕೆರೆದು, ಖಾಲಿಯಾದದ್ದನ್ನು ಪಟ್ಟಿಮಾಡುವ ಕೆಲಸ ಒಪ್ಪಿಕೊಳ್ಳಲಿ. ಈ ಕೆಲಸಕ್ಕೆ ಫಲಕವಿಲ್ಲ, ಉದ್ಘಾಟನೆಯಿಲ್ಲ. ಆದರೆ ಇದನ್ನು ವಹಿಸಿಕೊಳ್ಳುವವರು ಸಿಕ್ಕರೆ ನಿಮ್ಮ ಯೋಜನೆಯ ಅರ್ಧ ಭಾಗ ಮುಗಿದಂತೆ.

ಇನ್ನು ಉಪಕರಣಗಳು. ಪ್ರಾಥಮಿಕ ತರಗತಿಗಳಿಗೆ ಪ್ರಯೋಗಾಲಯದ ಕಟ್ಟಡ ಬೇಡ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳು ನೆಲಸಮವಾಗಿದ್ದ ದೇಶಗಳ ವಿಜ್ಞಾನ ಶಿಕ್ಷಕರಿಗೆಂದು ಯುನೆಸ್ಕೊ 1948ರಲ್ಲಿ ಒಂದು ಕೈಪಿಡಿಯನ್ನು ಹೊರತಂದಿತು. ಸುತ್ತಮುತ್ತ ಸಿಗುವ ಸಾಮಾನ್ಯ ವಸ್ತುಗಳಿಂದಲೇ ಉಪಕರಣಗಳನ್ನು ಮಾಡಿಕೊಳ್ಳುವ ದಾರಿಯನ್ನು ಅದು ತೋರಿಸಿತು. ಕಷ್ಟಕಾಲಕ್ಕೆಂದು ಹುಟ್ಟಿದ ಆ ದಾರಿಯಿಂದ ಇನ್ನೊಂದು ಉಪಯೋಗವೂ ಇದೆ. ತಾನೇ ಮಾಡಿದ ತಕ್ಕಡಿ ಒಂದು ಬದಿಗೆ ವಾಲಿದರೆ ಮಗು ಅದನ್ನು ಬಿಚ್ಚಿ ಏಕೆ ವಾಲಿತೆಂದು ನೋಡುತ್ತದೆ. ಕೊಂಡು ತಂದ ತಕ್ಕಡಿ ವಾಲಿದರೆ ಶಿಕ್ಷಕಿಯ ಮುಖ ನೋಡುತ್ತದೆ.

ಒಂದೇ ಒಂದು ಉದಾಹರಣೆಯನ್ನು ವಿವರವಾಗಿ ಹೇಳಲು ಅವಕಾಶ ಕೊಡಿ. ಬೇಕಾದದ್ದು ದಾರ, ಕಲ್ಲು, ಅಳತೆಪಟ್ಟಿ, ಸೆಕೆಂಡುಗಳನ್ನು ತೋರಿಸುವ ಒಂದು ಗಡಿಯಾರ. ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಲೋಲಕ ಸಿದ್ಧ. ಕಲ್ಲನ್ನು ಸ್ವಲ್ಪವೇ ಎಳೆದು ಬಿಡುವ ಮೊದಲು, ಇನ್ನೂ ಭಾರವಾದ ಕಲ್ಲು ಕಟ್ಟಿದರೆ ತೂಗಾಟ ಬೇಗವಾಗುತ್ತದೋ ನಿಧಾನವಾಗುತ್ತದೋ ಎಂದು ಮಕ್ಕಳನ್ನು ಕೇಳಿ, ಅವರ ಊಹೆಯನ್ನು ಬರೆಸಬೇಕು. ಭಾರವಾದದ್ದು ಬೇಗ ಎನ್ನುವವರು ಬಹಳ ಮಂದಿ ಇರುತ್ತಾರೆ. ಕಟ್ಟಿದ ಜಾಗದಿಂದ ಕಲ್ಲಿನ ನಡುಮಧ್ಯದವರೆಗೆ 1 ಮೀಟರ್ ಇದ್ದರೆ, ಕಲ್ಲು ಚಿಕ್ಕದಾಗಲಿ ದೊಡ್ಡದಾಗಲಿ, ಹೋಗಿ ಬರುವ 10 ತೂಗಾಟಗಳಿಗೆ ಸುಮಾರು 20 ಸೆಕೆಂಡು ಹಿಡಿಯುತ್ತದೆ. ಆದರೆ ತರಗತಿಯಲ್ಲಿ ಮೊದಲ ಸಲ ಈ 20 ಸುಲಭವಾಗಿ ಬರುವುದಿಲ್ಲ. ಒಂದು ಗುಂಪಿಗೆ 18 ಬರುತ್ತದೆ, ಏಕೆಂದರೆ ಕಲ್ಲನ್ನು ಬಿಟ್ಟ ಕ್ಷಣವೇ ‘ಒಂದು’ ಎಂದು ಎಣಿಸಿದವರು ಹತ್ತು ಎನ್ನುವಾಗ ನಿಜಕ್ಕೂ ಒಂಬತ್ತು ತೂಗಾಟಗಳಷ್ಟೇ ಆಗಿರುತ್ತವೆ. ಇನ್ನೊಂದು ಗುಂಪಿಗೆ 21 ಬರುತ್ತದೆ, ಅವರು ಭಾರದ ಕಲ್ಲು ಕಟ್ಟುವಾಗ ದಾರ ಉದ್ದವಾಗಿಬಿಟ್ಟಿರುತ್ತದೆ. ಉತ್ತರಗಳು ಏಕೆ ಬೇರೆಯಾದವು ಎಂದು ಗುಂಪುಗಳು ತಮ್ಮತಮ್ಮಲ್ಲೇ ವಾದಿಸುವ ಆ ಹತ್ತು ನಿಮಿಷಗಳಿಗಾಗಿಯೇ ನಾನು ಈ ಪ್ರಯೋಗವನ್ನು ಇಷ್ಟಪಡುತ್ತೇನೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದು ಹಾಗೆಯೇ ಇರಬೇಕು ಎಂಬ ತಿಳಿವಳಿಕೆ ಅಲ್ಲಿ ಯಾರ ಉಪದೇಶವೂ ಇಲ್ಲದೆ ಮೂಡುತ್ತದೆ.

ಮುಂದಿನ ವಾರ ದಾರವನ್ನು ಅರ್ಧ ಮಾಡೋಣವೆಂದರೆ ಸಮಯವೂ ಅರ್ಧವಾಗಿ 10 ಸೆಕೆಂಡು ಬರುತ್ತದೆಂದು ಮಕ್ಕಳು ಎದುರುನೋಡುತ್ತಾರೆ. ಬರುವುದು ಸುಮಾರು 14. ಹತ್ತು ಸೆಕೆಂಡು ಬರಬೇಕಾದರೆ ದಾರ ಎಷ್ಟಿರಬೇಕೆಂದು ಅವರೇ ಹುಡುಕಲಿ. ಕಡಿಮೆ ಮಾಡುತ್ತ ಮಾಡುತ್ತ 25 ಸೆಂಟಿಮೀಟರಿಗೆ, ಅಂದರೆ ಕಾಲು ಭಾಗಕ್ಕೆ, ಬಂದು ನಿಲ್ಲುತ್ತಾರೆ. ಇದರ ಹಿಂದಿನ ವರ್ಗಮೂಲದ ಗಣಿತವನ್ನು ಅವರು ಮುಂದೆಂದೋ ಕಲಿಯುತ್ತಾರೆ. ಆ ಹೊತ್ತಿಗೆ ಅವರ ಕೈಗೆ ಅದು ಮೊದಲೇ ಪರಿಚಯವಾಗಿರುತ್ತದೆ.

ಹೀಗೆಯೇ 1.5 ವೋಲ್ಟಿನ ಸೆಲ್, ಟಾರ್ಚಿನ ಬಲ್ಬು, ತಂತಿ ಕೊಟ್ಟು ಬೆಳಗಿಸಿ ಎಂದರೆ, ಸೆಲ್ಲಿನ ಒಂದೇ ತುದಿಯಿಂದ ಒಂದೇ ತಂತಿಯನ್ನು ಬಲ್ಬಿಗೆ ಮುಟ್ಟಿಸಿ ಕಾಯುವ ಮಕ್ಕಳೇ ಹೆಚ್ಚು. ನೀರು ಕೊಳವೆಯಲ್ಲಿ ಬರುವಂತೆ ವಿದ್ಯುತ್ತು ಬಲ್ಬಿಗೆ ಬಂದು ಮುಗಿದುಹೋಗುತ್ತದೆ ಎಂಬ ಕಲ್ಪನೆ ಅವರದು, ಕಣ್ಣಿಗೆ ಕಾಣುವುದನ್ನು ನೆಚ್ಚಿದರೆ ಅದು ತರ್ಕಬದ್ಧವೂ ಹೌದು. ಮಂಡಲ, ಅಂದರೆ ಸೆಲ್ಲಿನ ಒಂದು ತುದಿಯಿಂದ ಬಲ್ಬಿನ ಮೂಲಕ ಇನ್ನೊಂದು ತುದಿಗೆ ಮರಳುವ ವಿದ್ಯುತ್ತಿನ ದಾರಿ, ಪೂರ್ಣವಾಗಬೇಕು ಎಂಬ ವಾಕ್ಯವನ್ನು ಹತ್ತು ಸಲ ಬರೆಸಿದರೂ ಆ ಕಲ್ಪನೆ ಒಳಗೆ ಉಳಿದೇ ಇರುತ್ತದೆ. ಬೆಳಗದ ಬಲ್ಬೊಂದೇ ಅದನ್ನು ಅಲುಗಿಸಬಲ್ಲದು. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಸುಮಾರು 7ರಿಂದ 11 ವರ್ಷದ ಮಕ್ಕಳ ಆಲೋಚನೆ ಕಣ್ಣೆದುರಿಗಿನ, ಕೈಗೆ ಸಿಗುವ ವಸ್ತುಗಳನ್ನು ಆಧರಿಸಿ ಬೆಳೆಯುತ್ತದೆ ಎಂದು ವಿವರಿಸಿದ್ದು ಇಲ್ಲಿ ನೆನಪಾಗುತ್ತದೆ. ನಿಮ್ಮ ಶಾಲೆಯ ಮಕ್ಕಳು ಈಗ ಇರುವುದು ಸರಿಯಾಗಿ ಆ ವಯಸ್ಸಿನಲ್ಲಿ.

ಪಾಠ ಹಿಂದೆ ಬೀಳುವುದಿಲ್ಲವೇ ಎಂಬ ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊತ್ತು ಹಿಡಿಯುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದಿದ್ದ ಜಾರ್ಜ್ ಷಾರ್ಪಾಕ್ ಅವರು ತಮ್ಮ ದೇಶದ ವಿಜ್ಞಾನ ಅಕಾಡೆಮಿಯ ಬೆಂಬಲದೊಡನೆ 1996ರಲ್ಲಿ ಫ್ರಾನ್ಸಿನ ಪ್ರಾಥಮಿಕ ಶಾಲೆಗಳಿಗಾಗಿ ಆರಂಭಿಸಿದ ‘ಲಾ ಮೇನ್ ಆ ಲಾ ಪಾತ್’ ಕಾರ್ಯಕ್ರಮದ ಹೆಸರಿಗೆ ‘ಹಿಟ್ಟಿನಲ್ಲಿ ಕೈ’ ಎಂದು ಅರ್ಥ. ಒಂದೇ ವಿಷಯಕ್ಕೆ ವಾರಕ್ಕೆ ಕನಿಷ್ಠ 2 ಗಂಟೆಯಂತೆ ಹಲವು ವಾರ ಕೊಡಬೇಕೆಂಬುದು ಅದರ ನಿಯಮಗಳಲ್ಲಿ ಒಂದು. ಪ್ರತಿ ಮಗುವೂ ತನ್ನದೇ ಮಾತಿನಲ್ಲಿ ಪ್ರಯೋಗದ ಪುಸ್ತಕ ಬರೆಯಬೇಕು, ಮನೆಯವರೂ ನೆರೆಹೊರೆಯವರೂ ತರಗತಿಯ ಕೆಲಸಕ್ಕೆ ಕೈಜೋಡಿಸಬೇಕು ಎಂಬುವು ಇನ್ನೆರಡು. ಆ ಪುಸ್ತಕವನ್ನು ಗಮನಿಸಿ: ಊಹೆ, ಮಾಡಿದ್ದು, ಕಂಡದ್ದು, ಏಕೆ ಎಂಬ ವಾದ ಎಲ್ಲವನ್ನೂ ಮಗು ಬರೆಯುವುದರಿಂದ ಅದೇ ಹೊತ್ತಿನಲ್ಲಿ ಭಾಷೆಯ ಪಾಠವೂ, ಅಳೆದು ಕೋಷ್ಟಕ ಹಾಕುವುದರಿಂದ ಗಣಿತದ ಪಾಠವೂ ನಡೆದಿರುತ್ತದೆ. ಎರಡು ಗಂಟೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಪರೀಕ್ಷೆಯ ವಿಷಯದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಅನುಭವ ಹೆಚ್ಚು ಹೇಳುತ್ತದೆ. ಅಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು 1972ರಲ್ಲಿ 16 ಶಾಲೆಗಳ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ತೊಡಗಿದವು. 1978ರ ಹೊತ್ತಿಗೆ ಅದು ಇಡೀ ಜಿಲ್ಲೆಗೆ ಹಬ್ಬಿತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯಲ್ಲಿ ಕೆಟ್ಟದ್ದು, ಕೂಡಿಬಂದದ್ದು ಎಲ್ಲವನ್ನೂ ಮಾತಾಡಿಕೊಳ್ಳುತ್ತಿದ್ದರು. ಮಕ್ಕಳು ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಿತ್ತು, ಪ್ರಯೋಗವೂ ಪರೀಕ್ಷೆಯ ಭಾಗವಾಗಿತ್ತು. ಬಾಯಿಪಾಠವನ್ನೇ ಅಳೆಯುವ ಪರೀಕ್ಷೆಯನ್ನು ಹಾಗೆಯೇ ಇಟ್ಟುಕೊಂಡು ಪ್ರಯೋಗ ಮಾಡಿಸಿ ಎಂದು ಶಿಕ್ಷಕರಿಗೆ ಹೇಳುವುದು ನ್ಯಾಯವಲ್ಲ ಎಂಬುದನ್ನು ಆ ಕಾರ್ಯಕ್ರಮ ನಡೆಸಿದವರು ಅರಿತಿದ್ದರು. ಮೂರು ದಶಕಗಳ ಬಳಿಕ, 2002ರಲ್ಲಿ, ಸರ್ಕಾರದ ತೀರ್ಮಾನದಿಂದ ಅದು ನಿಂತುಹೋಯಿತೆಂಬುದು ನನಗೆ ಇಂದಿಗೂ ವ್ಯಥೆಯ ಸಂಗತಿ. ಇಡೀ ಪರೀಕ್ಷಾ ಪದ್ಧತಿಯನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಶಾಲೆಯೊಳಗಿನ ಕಿರುಪರೀಕ್ಷೆಗಳಲ್ಲಿ ಒಂದು ಪ್ರಶ್ನೆಯಾದರೂ ಕೈಯಿಂದ ಮಾಡಿ ಉತ್ತರಿಸುವಂಥದ್ದಾಗಲಿ ಎಂದು ಪೋಷಕರ ಸಭೆಯಲ್ಲಿ ಕೇಳಬಹುದು. ಪೋಷಕರೇ ಅಂಕಗಳಿಗಾಗಿ ಒತ್ತಾಯಿಸುತ್ತಾರೆ ಎಂಬುದು ಶಿಕ್ಷಕರ ದೊಡ್ಡ ಅಳುಕು. ಆ ಅಳುಕನ್ನು ಪೋಷಕರಲ್ಲದೆ ಬೇರೆ ಯಾರು ನೀಗಿಸಬೇಕು?

ವಿಜ್ಞಾನ ಮೇಳದ ಬಗ್ಗೆಯೂ ಪ್ರಸ್ತಾಪಿಸಿದ್ದೀರಿ. ದೊಡ್ಡವರು ರಾತ್ರಿ ಕುಳಿತು ಮಾಡಿದ ಮಾದರಿಯನ್ನು ಮಗು ಬೆಳಿಗ್ಗೆ ಎತ್ತಿಕೊಂಡು ಹೋಗಿ ಕಂಠಪಾಠದ ವಿವರಣೆ ಒಪ್ಪಿಸುವ ಮೇಳಗಳು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಒಂದು ದಿನಕ್ಕೆ ಖರ್ಚಾಗುವ ಶ್ರಮವನ್ನು ಹತ್ತು ವಾರಗಳಿಗೆ ಹಂಚಿ.

ಕೊನೆಯದಾಗಿ, ವಿಜ್ಞಾನ ಓದಿಲ್ಲದವರು ಏನು ಮಾಡಬಹುದು ಎಂಬುದು. ಮುಂದೆ ವಿದ್ಯುತ್ತಿನ ಬಗ್ಗೆ ಮಹತ್ವದ ಶೋಧಗಳನ್ನು ಮಾಡಿದ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1810ರಲ್ಲಿ ಲಂಡನ್ನಿನಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಒಂದೊಂದಕ್ಕೆ ಒಂದು ಶಿಲ್ಲಿಂಗ್ ಕೊಡಬೇಕಿತ್ತು. ಅದನ್ನು ಕೊಟ್ಟವನು ತಂದೆಯಂತೆಯೇ ಕಮ್ಮಾರನಾಗಿದ್ದ ಅಣ್ಣ ರಾಬರ್ಟ್. ಎರಡು ವರ್ಷಗಳ ನಂತರ ಹೆಸರಾಂತ ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ಟು ಕೊಟ್ಟವರು ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿ. ಅವರಿಬ್ಬರಲ್ಲಿ ಯಾರೂ ಅವನಿಗೆ ವಿಜ್ಞಾನ ಕಲಿಸಲಿಲ್ಲ. ಹುಡುಗನ ಆಸಕ್ತಿಯನ್ನು ಕಂಡರು, ಅಡ್ಡವಾಗಿದ್ದ ಒಂದೊಂದು ತೊಡಕನ್ನು ತೆಗೆದರು, ಅಷ್ಟೇ.

ನಿಮ್ಮ ಗುಂಪಿನಲ್ಲಿ ಬಡಗಿ, ದರ್ಜಿ, ಸೈಕಲ್ ರಿಪೇರಿ ಮಾಡುವವರು, ದಾದಿ, ರೈತರು ಇದ್ದಾರೆಂದು ಬರೆದಿದ್ದೀರಿ. ಸೈಕಲ್ಲಿನ ಹಿಂದಿನ ಚಕ್ರ ಎತ್ತಿ, ಪೆಡಲ್ ಒಂದು ಸುತ್ತು ಬಂದಾಗ ಚಕ್ರ ಎಷ್ಟು ಸುತ್ತು ಬರುತ್ತದೆಂದು ಎಣಿಸಿ, ಎರಡೂ ಹಲ್ಲುಚಕ್ರಗಳ ಹಲ್ಲುಗಳನ್ನೂ ಎಣಿಸಿ ಹೋಲಿಸುವ ಪಾಠವನ್ನು ರಿಪೇರಿ ಮಾಡುವವರಷ್ಟು ಚೆನ್ನಾಗಿ ಬೇರೆ ಯಾರು ಮಾಡಿಸಬಲ್ಲರು? ಆದರೆ ಯಾವ ವಾರ ಯಾವ ಪ್ರಯೋಗ ಎಂಬುದನ್ನು ನಿರ್ಧರಿಸುವವರು ಶಿಕ್ಷಕಿಯೇ ಆಗಿರಬೇಕು. ಹಿಂದಿನ ವಾರವೇ ಅವರೊಡನೆ ಕುಳಿತು ನೀವೆಲ್ಲ ಪ್ರಯೋಗವನ್ನು ಒಮ್ಮೆ ಮಾಡಿ ನೋಡಬೇಕು. ಐದಾರು ಮಕ್ಕಳ ಒಂದೊಂದು ಗುಂಪಿನ ಬಳಿ ಒಬ್ಬ ದೊಡ್ಡವರಿದ್ದರೆ ಸಾಕು. ಅವರು ಎಚ್ಚರ ವಹಿಸಬೇಕಾದ ಕೆಲವು ವಿಷಯಗಳಿವೆ: ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಕೂಡದು, ಸೆಲ್ಲಿನ ಎರಡು ತುದಿಗಳನ್ನು ಬರೀ ತಂತಿಯಿಂದ ಜೋಡಿಸಿದರೆ ತಂತಿ ಸುಡುತ್ತದೆ, ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದು, ಪಾದರಸದ ಉಷ್ಣಮಾಪಕ ಬೇಡ, ಗುಂಡಿಯಂಥ ಚಿಕ್ಕ ಸೆಲ್ಲುಗಳೂ ಸಣ್ಣ ಅಯಸ್ಕಾಂತಗಳೂ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಪೆಟ್ಟಿಗೆಯೊಳಗೇ ಬರಬಾರದು.

ಇದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಮಗು ತಪ್ಪು ದಾರಿಯಲ್ಲಿ ಹೋಗುತ್ತಿರುವುದು ಕಂಡಾಗ ಉತ್ತರ ಹೇಳಿಬಿಡಬೇಕೆಂದು ನಾಲಿಗೆ ತುರಿಸುತ್ತದೆ, ಓದಿದವರಿಗೆ ಇನ್ನೂ ಹೆಚ್ಚು. ಉತ್ತರ ಗೊತ್ತಿಲ್ಲವೆಂದು ನೀವು ಅಂಜುತ್ತಿದ್ದೀರಿ, ಆದರೆ ಅಲ್ಲಿ ಅದರಿಂದ ನಿಮಗೆ ಅನುಕೂಲವೇ. ‘ಹೀಗಾಗುತ್ತದೆ ಎಂದು ನಿನಗೆ ಏಕೆ ಅನ್ನಿಸಿತು?’ ಎಂದು ಕೇಳಿ. ಮಗು ಹೇಳಿ ಮುಗಿಸುವವರೆಗೆ ಕಾಯಿರಿ. ಆಮೇಲೆ ‘ಇನ್ನೊಮ್ಮೆ ಮಾಡಿ ನೋಡೋಣವೇ?’ ಎನ್ನಿ. ಮೊದಲ ತಿಂಗಳು ಈ ಎರಡು ಪ್ರಶ್ನೆಗಳಲ್ಲೇ ನಡೆಸಿ, ಒಡೆದದ್ದೆಷ್ಟು, ತುಂಬಿಕೊಟ್ಟದ್ದೆಷ್ಟು, ಬೀರು ಎಷ್ಟು ದಿನ ತೆರೆದಿತ್ತು ಎಂಬುದನ್ನು ನಮಗೆ ಬರೆದು ತಿಳಿಸಿ. ಆ ಪತ್ರವನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ