ಹೊರಗಿನ ವಕೀಲರಿದ್ದರೂ ಕಂಪನಿಗಳು ಒಳಗೆ ವಕೀಲರನ್ನು ಏಕೆ ಇಟ್ಟುಕೊಳ್ಳುತ್ತವೆ?

ಮೊಕದ್ದಮೆ ಬಂದರೆ ದೊಡ್ಡ ಕಂಪನಿಗಳು ಹೇಗೂ ಹೊರಗಿನ ಹೆಸರಾಂತ ವಕೀಲರನ್ನೇ ಹಿಡಿಯುತ್ತವೆ, ಹಾಗಿರುವಾಗ ಸಂಬಳ ಕೊಟ್ಟು ಒಳಗೆ ವಕೀಲರನ್ನು ಇಟ್ಟುಕೊಳ್ಳುವುದೇಕೆ, ಅಲ್ಲಿ ಸೇರಿದರೆ ವಕೀಲಿಕೆ ಮರೆತಂತೆಯೇ ಅಲ್ಲವೇ ಎಂದು ಕೇಳಿದ್ದೀರಿ. ಇಂಥ ಕಾನೂನು ವಿಭಾಗದಲ್ಲಿ ಹಲವು ವರ್ಷ ದುಡಿದವನಾಗಿ ಉತ್ತರಿಸುತ್ತಿದ್ದೇನೆ.

ವಾದ ಮಂಡಿಸುವ ಅಭ್ಯಾಸ ತಪ್ಪಿಹೋಗುವುದು ನಿಜ. ವ್ಯಾಜ್ಯ ಹುಟ್ಟಿದ ಮೇಲೆ ಹೊರಗಿನವರಿಗೆ ಕಡತ ಒಪ್ಪಿಸಿ, ಅವರು ಕೇಳಿದ ಸಂಗತಿಗಳನ್ನು ಒದಗಿಸಿ, ಅವರ ಶುಲ್ಕದ ಮೇಲೆ ಕಣ್ಣಿಡುವುದಷ್ಟೇ ನಮ್ಮ ಪಾಲಿನದು. ಹೆಚ್ಚಿನ ಸಮಯ ಹೋಗುವುದು ವ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ.

ಒಮ್ಮೆ ಮಾರಾಟ ವಿಭಾಗದವರು ಸಂಜೆ 6 ಗಂಟೆಗೆ 60 ಪುಟದ ಕರಾರೊಂದನ್ನು ತಂದು, ‘ಎಲ್ಲ ಮಾತಾಗಿದೆ ಸರ್, ನಾಳೆ ಬೆಳಿಗ್ಗೆ ಸಹಿ, ಸುಮ್ಮನೆ ಒಂದು ಸಲ ಕಣ್ಣಾಡಿಸಿ’ ಎಂದರು. ದರ, ಅವಧಿ, ಪಾವತಿ ಎಲ್ಲವೂ ಸರಿಯಾಗಿದ್ದವು. ಆದರೆ ಮೂರನೆಯ ಅನುಬಂಧದ ಕೋಷ್ಟಕವೊಂದರ ಕೆಳಗೆ, ಗ್ರಾಹಕರಿಗೆ ಆಗುವ ‘ಯಾವುದೇ ಬಗೆಯ’ ನಷ್ಟವನ್ನು ನಾವೇ ತುಂಬಿಕೊಡತಕ್ಕದ್ದು ಎಂಬ ಸಾಲಿತ್ತು. ಮುಖ್ಯ ಕರಾರಿನಲ್ಲಿ ನಮ್ಮ ಹೊಣೆಗೆ ಹಾಕಿದ ಮಿತಿ ಅನುಬಂಧಗಳಿಗೆ ಅನ್ವಯಿಸದು ಎಂಬ ಮಾತು ಬೇರೊಂದು ಪುಟದಲ್ಲಿತ್ತು. ಎರಡನ್ನೂ ಜೋಡಿಸಿ ಓದಿದರೆ ಒಂದು ವರ್ಷದ ಶುಲ್ಕಕ್ಕೆ ಇಡೀ ಕಂಪನಿಯನ್ನೇ ಒತ್ತೆ ಇಟ್ಟಂತಾಗುತ್ತಿತ್ತು. ‘ಆಗದು’ ಎಂದು ಬರೆದು ಕಳಿಸಿದ್ದರೆ ತಪ್ಪೇನೂ ಇರಲಿಲ್ಲ. ಆದರೆ ವ್ಯವಹಾರ ಮುರಿದುಬೀಳುತ್ತಿತ್ತು, ಅವರು ಮುಂದಿನ ಸಲ ಸಹಿಯಾದ ಮೇಲೆಯೇ ನನಗೆ ಕರಾರು ತೋರಿಸುತ್ತಿದ್ದರು. ಆ ರಾತ್ರಿಯೇ ಎದುರು ಪಕ್ಷದವರೊಂದಿಗೆ ಮಾತನಾಡಿ, ದತ್ತಾಂಶ ಸೋರಿಕೆಗೆ ಪ್ರತ್ಯೇಕ ಮಿತಿ, ಉಳಿದುದಕ್ಕೆ ಒಂದು ವರ್ಷದ ಶುಲ್ಕದಷ್ಟೇ ಮಿತಿ ಎಂದು ಒಪ್ಪಿಸಿದೆವು. ಸಹಿ ಬೆಳಿಗ್ಗೆಯ ಬದಲು ಮಧ್ಯಾಹ್ನ ಆಯಿತು. ಹೊರಗಿನ ವಕೀಲರ ಕಣ್ಣಿಗೂ ಆ ಸಾಲು ಬೀಳುತ್ತಿತ್ತು. ಆದರೆ ನಮ್ಮ ಸೇವೆ ಸಾಮಾನ್ಯವಾಗಿ ಎಲ್ಲಿ ಎಡವುತ್ತದೆ, ಯಾವ ನಷ್ಟಕ್ಕೆ ನಮ್ಮಲ್ಲಿ ವಿಮೆಯಿದೆ ಎಂಬುದು ಒಂದೇ ರಾತ್ರಿಯಲ್ಲಿ ಅವರಿಗೆ ತಿಳಿಯುವಂಥದ್ದಲ್ಲ.

ಇದಕ್ಕಿಂತ ಸೂಕ್ಷ್ಮವಾದುದು, ನಮ್ಮ ಕಕ್ಷಿದಾರರು ಯಾರು ಎಂಬುದು. ಕಂಪನಿಯೇ ಹೊರತು, ಎದುರು ಕುಳಿತ ಅಧಿಕಾರಿಯಲ್ಲ. ಆಂತರಿಕ ತನಿಖೆಯೊಂದರಲ್ಲಿ ಹಿರಿಯರೊಬ್ಬರು ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂದು ಮಾತು ತೆಗೆದಾಗ, ಅವರು ಹೇಳುವುದನ್ನು ಕಂಪನಿ ಬಯಸಿದರೆ ಬಹಿರಂಗಪಡಿಸಬಹುದು ಎಂದು ನಾನು ಅಲ್ಲಿಯೇ ತಡೆದು ಹೇಳಬೇಕಾಯಿತು. ಅವರ ಮುಖ ಸಪ್ಪಗಾಯಿತು. ನೌಕರರು ಕಂಪನಿಯ ವಕೀಲರೊಂದಿಗೆ ಆಡಿದ ಮಾತಿಗೂ ಗೋಪ್ಯತೆಯ ರಕ್ಷಣೆ, ಅಂದರೆ ಅದನ್ನು ಬಹಿರಂಗಪಡಿಸುವಂತೆ ಬಲವಂತ ಮಾಡಲಾಗದ ರಕ್ಷಣೆ, ಸಿಗಬಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1981ರ ಅಪ್‌ಜಾನ್ ಪ್ರಕರಣದಲ್ಲಿ ಹೇಳಿತು. ಆದರೆ ಆ ರಕ್ಷಣೆ ಕಂಪನಿಯ ಸೊತ್ತು, ನೌಕರರದಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯವಂತೂ 2010ರ ಅಕ್ಜೊ ನೊಬೆಲ್ ಪ್ರಕರಣದಲ್ಲಿ, ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗವು ಸ್ಪರ್ಧಾ ಕಾನೂನಿನಡಿ (ಕಂಪನಿಗಳ ನಡುವಿನ ಪೈಪೋಟಿ ಕೆಡದಂತೆ ಕಾಯುವ ಕಾನೂನು) ನಡೆಸುವ ತನಿಖೆಗಳಲ್ಲಿ ಸಂಬಳದ ವಕೀಲರ ಪತ್ರವ್ಯವಹಾರಕ್ಕೆ ಆ ರಕ್ಷಣೆಯೇ ಇಲ್ಲವೆಂದಿತು. ಜೀವನಕ್ಕೆ ಕಂಪನಿಯನ್ನೇ ನೆಚ್ಚಿದವರಿಗೆ ಹೊರಗಿನ ವಕೀಲರಷ್ಟು ಸ್ವಾತಂತ್ರ್ಯವಿರದು ಎಂಬುದು ಅದರ ತರ್ಕ.

ಕೇಳಲು ಕಹಿಯಾದರೂ ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ನಮ್ಮ ಬಡ್ತಿಯನ್ನು ನಿರ್ಧರಿಸುವವರಿಗೇ ‘ಇದು ಕಾನೂನುಬಾಹಿರ’ ಎಂದು ನಾವು ಹೇಳಬೇಕಾದ ದಿನಗಳಿರುತ್ತವೆ. ಅಮೆರಿಕದಲ್ಲಿ 2002ರ ಸರ್ಬೇನ್ಸ್–ಆಕ್ಸ್‌ಲಿ ಕಾಯಿದೆಯ ಪ್ರಕಾರ, ಷೇರುಪೇಟೆಯ ಕಂಪನಿಯ ವಕೀಲರು ಗಂಭೀರ ಉಲ್ಲಂಘನೆ ಕಂಡರೆ ಮೊದಲು ಕಾನೂನು ವಿಭಾಗದ ಅಥವಾ ಕಂಪನಿಯ ಮುಖ್ಯಸ್ಥರಿಗೆ ತಿಳಿಸಬೇಕು, ತಕ್ಕ ಉತ್ತರ ಬಾರದಿದ್ದರೆ ಆಡಳಿತ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯವರೆಗೂ ಒಯ್ಯಬೇಕು.

ಆದ್ದರಿಂದ ನೀವು ಇಂಥ ಹುದ್ದೆಗೆ ಹೋಗುವುದಾದರೆ, ಸಂದರ್ಶನದಲ್ಲಿ ಸಂಬಳಕ್ಕೆ ಮೊದಲು ಎರಡು ವಿಷಯ ಕೇಳಿ: ಕಾನೂನು ವಿಭಾಗದ ಮುಖ್ಯಸ್ಥರು ಯಾರ ಅಧೀನದಲ್ಲಿದ್ದಾರೆ, ಮತ್ತು ಕಳೆದ ವರ್ಷ ಅವರು ಎಷ್ಟು ಸಲ ಆಡಳಿತ ಮಂಡಳಿಯ ಮುಂದೆ ಕುಳಿತು ಮಾತನಾಡಿದ್ದಾರೆ.