ಫ್ಲೂ ಬಂದಾಗ ದೇಹದ ರಕ್ಷಣೆಯೇ ಮುಳುವಾಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ, ಗಟ್ಟಿಮುಟ್ಟಾದ ಆಳು. ಫ್ಲೂ ಜ್ವರ ಬಂದ ಐದನೇ ದಿನ ಉಸಿರಾಡಲಾಗದೆ ಐಸಿಯು ಸೇರಿದ. ವೈರಸ್‌ಗಿಂತ ಅವನ ರೋಗನಿರೋಧಕ ಶಕ್ತಿಯೇ ಶ್ವಾಸಕೋಶಕ್ಕೆ ಹೆಚ್ಚು ಹಾನಿ ಮಾಡಿದೆ ಎಂದರು ವೈದ್ಯರು. ಈಗ ಮನೆಗೆ ಬಂದಿದ್ದಾನೆ. ಶಕ್ತಿ ಹೆಚ್ಚಿದ್ದದ್ದೇ ತಪ್ಪಾಯಿತೇ? ಮೊದಲೇ ಸ್ಟೀರಾಯ್ಡ್ ಕೊಟ್ಟಿದ್ದರೆ ತಪ್ಪುತ್ತಿತ್ತೇ?

ಉತ್ತರ: ತಮ್ಮ ಮನೆಗೆ ಮರಳಿದ್ದು ಓದಿ ಸಮಾಧಾನವಾಯಿತು. ವೈದ್ಯರು ಹೇಳುವಂಥ ಹಾನಿ ತೀವ್ರ ಫ್ಲೂನಲ್ಲಿ ನಿಜವಾಗಿಯೂ ಆಗುತ್ತದೆ. ಆದರೆ ಅದಕ್ಕೆ ಕಾರಣ ಶಕ್ತಿ ಹೆಚ್ಚಿದ್ದದ್ದಲ್ಲ; ಹೊತ್ತು ಮತ್ತು ಹದ ತಪ್ಪಿದ್ದು.

ಸೋಂಕು ತಗುಲಿದ ಜೀವಕೋಶ ಮೊದಲು ಇಂಟರ್‌ಫೆರಾನ್ ಎಂಬ ಪ್ರೊಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಫ್ಲೂ ವೈರಸ್ಸಿನ ಎನ್‌ಎಸ್1 ಪ್ರೊಟೀನ್ ಈ ಕೂಗನ್ನೇ ಅಡಗಿಸುತ್ತದೆ. ಕೂಗು ತಡವಾದಷ್ಟೂ ವೈರಸ್ ಗಂಟಲು ದಾಟಿ ಶ್ವಾಸಕೋಶದ ಪುಟ್ಟ ಗಾಳಿಚೀಲಗಳವರೆಗೆ ಇಳಿದು ಹೇರಳವಾಗಿ ಬೆಳೆಯುತ್ತದೆ. ಆಗ ಎಚ್ಚೆತ್ತ ದೇಹ ಐಎಲ್-6, ಟಿಎನ್‌ಎಫ್‌ನಂಥ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತ ಎಬ್ಬಿಸುವ ಸಂದೇಶ ಪ್ರೊಟೀನ್‌ಗಳನ್ನು, ಒಮ್ಮೆಲೇ ಸುರಿಯುತ್ತದೆ. ಬಿಳಿ ರಕ್ತಕಣಗಳು ನುಗ್ಗಿ ಬಂದು ವೈರಸ್ ಜೊತೆಗೆ ಗಾಳಿಚೀಲದ ಗೋಡೆಯನ್ನೂ ಸುಡುತ್ತವೆ, ರಕ್ತನಾಳಗಳು ಸೋರುತ್ತವೆ. ಗಾಳಿ ಇರಬೇಕಾದಲ್ಲಿ ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ.

1918ರ ಮಹಾಮಾರಿಯಲ್ಲಿ 20ರಿಂದ 40ರ ವಯಸ್ಸಿನವರು ಅಸಾಮಾನ್ಯ ಸಂಖ್ಯೆಯಲ್ಲಿ ಸತ್ತದ್ದಕ್ಕೆ ಇದೇ ಕಾರಣ ಎಂದು ಹಲವರು ಬರೆಯುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದು ಸರಿಯಲ್ಲ. ಆಗ ಸತ್ತ ಬಹುಪಾಲು ಜನರಲ್ಲಿ, ಫ್ಲೂ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಕಂಡುಬಂದಿದೆ.

ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧಿಯ ವಿಷಯಕ್ಕೆ ಬರೋಣ. ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದವರ ಜೀವ ಉಳಿಸಿದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನೋಡಿ ಈ ಪ್ರಶ್ನೆ ಬರುವುದು ಸಹಜ. ಆದರೆ ಫ್ಲೂನಲ್ಲಿ ಸ್ಟೀರಾಯ್ಡ್ ಪಡೆದವರ ಸಾವೇ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ತೀರಾ ಹದಗೆಟ್ಟವರಿಗೇ ಅದನ್ನು ಕೊಟ್ಟಿರುವ ಸಾಧ್ಯತೆಯೂ ಇದೆ, ನಿಜ. ಆದರೂ ವೈರಸ್ ಇನ್ನೂ ಬೆಳೆಯುತ್ತಿರುವಾಗ ರಕ್ಷಣೆಯನ್ನು ಕುಗ್ಗಿಸುವುದು ಅಪಾಯ. ಆಸ್ತಮಾದಂಥ ಬೇರೆ ಕಾರಣವಿದ್ದರೆ ಮಾತು ಬೇರೆ. ದಯವಿಟ್ಟು ಮನೆಯಲ್ಲಿ ನೀವೇ ಸ್ಟೀರಾಯ್ಡ್ ಮಾತ್ರೆ ಕೊಡಬೇಡಿ.

ತಮ್ಮನಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ. ಲಸಿಕೆ ಪಡೆದ ದೇಹ ವೈರಸ್ಸನ್ನು ಬೇಗ ಗುರುತಿಸುತ್ತದೆ, ಕಾಯಿಲೆ ಉಲ್ಬಣಿಸುವ ಸಂಭವ ತಗ್ಗುತ್ತದೆ. ಮುಂದೆ ಫ್ಲೂ ಬಂದರೆ ಮೊದಲ ದಿನವೇ ವೈದ್ಯರಿಗೆ ಈ ಹಿಂದಿನ ಕಥೆ ತಿಳಿಸಿ. ಫ್ಲೂ ವೈರಸ್ ತಡೆಯುವ ಔಷಧಿ ಒಸೆಲ್ಟಾಮಿವಿರ್, ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಏದುಸಿರು ಬಂದರೆ, ತುಟಿ ನೀಲಿಯಾದರೆ ಅಥವಾ ಇಳಿದ ಜ್ವರ ಮತ್ತೆ ಏರಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.