ಸ್ವಾಹಿಲಿಯಲ್ಲಿ ‘ಮುಚ್ಚುಮರೆ ಇಲ್ಲದೆ ಹೇಳು’ ಅನ್ನುವ ನುಡಿಗಟ್ಟನ್ನು ಕೆಲಸದ ಜಾಗದಲ್ಲಿ ಬಳಸಬಹುದಾ?

ದಯವಿಟ್ಟು ಬಳಸಬೇಡಿ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಕೆಲಸಕ್ಕೆ ಹೊರಟಿದ್ದೀರಿ, ಆ ಅರ್ಥದ ‘ಕುಪಸುವಾ ಮ್ಬರಿಕಾ’ ಅನ್ನುವ ನುಡಿಗಟ್ಟು ಕಲಿತಿದ್ದೀರಿ, ಅದನ್ನು ಹೇಗೆ ಹೇಳಿದರೆ ಕೈಕೆಳಗಿನವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನೂ ಇದೇ ಮಾತನ್ನು ಊರಲ್ಲೇ ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತಿದವನು.

ಅಲ್ಲಿ ನನಗೆ ಸಿಕ್ಕಿದ್ದು ಕಟ್ಟಡ ಸಾಮಾನು ಮಾರುವ ಕಂಪನಿಯೊಂದರ ಗೋಡೌನ್ ಲೆಕ್ಕ ನೋಡುವ ಕೆಲಸ. ಸಿಮೆಂಟ್, ತಗಡು, ಬಣ್ಣ. ಗೋಡೌನ್ ಬೀಗ ಇದ್ದದ್ದು ಒಬ್ಬ ಹಿರಿಯರ ಹತ್ತಿರ, ಎಲ್ಲರೂ ಅವರನ್ನು ‘ಮ್ಜೇ’ ಅಂತ ಕರೆಯುತ್ತಿದ್ದರು. ವಯಸ್ಸಾದವರನ್ನು ಗೌರವದಿಂದ ಕರೆಯುವುದು ಹಾಗೆಯೇ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ಮಸಿಕಾ, ಅಂದರೆ ದೊಡ್ಡ ಮಳೆ. ಆ ಮಳೆಯ ಹೊತ್ತಿಗೆ ಸಿಮೆಂಟಿನ ಲೆಕ್ಕ ತಾಳೆಯಾಗುವುದು ನಿಂತುಹೋಯಿತು. ಪುಸ್ತಕದಲ್ಲಿ ಮೂಟೆಗಳಿವೆ, ಆರ್ಡರ್ ಬಂದಾಗ ಕೇಳಿದರೆ ಮಾತ್ರ ‘ಬಾಡೋ’. ಅಂದರೆ ‘ಇನ್ನೂ ಇಲ್ಲ’. ಅಲ್ಲಿ ‘ಇಲ್ಲ’ ಅಂತ ನೇರವಾಗಿ ಹೇಳುವುದಕ್ಕಿಂತ ‘ಇನ್ನೂ ಇಲ್ಲ’ ಅನ್ನುವುದೇ ಮರ್ಯಾದೆ, ಅದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಹುಡುಗರು ಲಾರಿಗೆ ಮಾಲು ಹೇರುತ್ತಿದ್ದಾಗ ರಿಜಿಸ್ಟರ್ ಹಿಡಿದುಕೊಂಡು ಸೀದಾ ಒಳಗೆ ಹೋಗಿ, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, ‘ಮ್ಜೇ, ನಿಪಸುಲಿಯೆ ಮ್ಬರಿಕಾ’ ಅಂದೆ, ನನಗೆ ಮುಚ್ಚುಮರೆ ಇಲ್ಲದೆ ಹೇಳಿ ಅಂತ. ಉಚ್ಚಾರ ಚೆನ್ನಾಗಿಯೇ ಇತ್ತು, ಅದೇ ತೊಂದರೆಯಾಯಿತು. ಹುಡುಗರ ಕೈ ನಿಂತಿತು. ಮ್ಜೇ ನನ್ನನ್ನು ನೋಡಿ ‘ಸಾವಾ, ಬೋಸಿ’ ಅಂದರು, ಸರಿ ಬಾಸ್ ಅಂತ. ಆಮೇಲೆ ನಾನು ಏನು ಕೇಳಿದರೂ ರಿಜಿಸ್ಟರ್ ತೋರಿಸುತ್ತಿದ್ದರು, ಅಷ್ಟೇ.

ಇದರಲ್ಲಿ ತಪ್ಪೇನು ಅನ್ನುವುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾತೇನೂ ಬೈಗುಳ ಅಲ್ಲ. ಮ್ಬರಿಕಾ ಅಂದರೆ ನಮ್ಮ ಹರಳು ಗಿಡ, ಪಸುವಾ ಅಂದರೆ ಸೀಳುವುದು. ಒಬ್ಬರಿಗೆ ಮ್ಬರಿಕಾ ಸೀಳುವುದು ಅಂದರೆ ಸತ್ಯವನ್ನು ಮುಚ್ಚಿಡದೆ ಹೇಳಿಬಿಡುವುದು. ಆದರೆ ಮೊಮ್ಮಕ್ಕಳ ವಯಸ್ಸಿನ ಹುಡುಗರ ಎದುರು, ಹೊರಗಿನಿಂದ ಬಂದ ಬಾಸ್ ಒಬ್ಬ ಅದನ್ನು ಹೇಳಿದರೆ ಕೇಳಿಸುವುದು ಒಂದೇ: ‘ಇಷ್ಟು ದಿನ ಮುಚ್ಚಿಟ್ಟಿದ್ದೀಯ’. ಅದರ ಮೇಲೆ ನಾನು ‘ಶಿಕಮೋ’ ಅಂದಿರಲಿಲ್ಲ. ಹಿರಿಯರನ್ನು ಕಂಡಾಗ ಅದು ಮೊದಲ ಮಾತು, ಅವರು ‘ಮರಹಬಾ’ ಅಂದ ಮೇಲೆ ಮುಂದಿನದು.

ಇದೆಲ್ಲ ಹೇಗೋ ಕ್ಷಮಿಸಬಹುದಿತ್ತು. ನಿಜವಾಗಿ ಹೊಡೆತ ಬಿದ್ದದ್ದು ಹಬಾರಿಯಲ್ಲಿ. ನಮ್ಮ ಕಡೆ ‘ಏನು ಖಬರ್’ ಅನ್ನುತ್ತೀವಲ್ಲ, ಅರಬ್ಬಿಯ ಅದೇ ಮಾತು ಅಲ್ಲಿ ಹಬಾರಿ ಆಗಿದೆ. ಬೆಳಗಿನ ಹಬಾರಿ ಏನು? ನ್ಜೂರಿ, ಚೆನ್ನಾಗಿದೆ. ಮನೆಯದು? ನ್ಜೂರಿ. ಕೆಲಸದ್ದು? ನ್ಜೂರಿ, ‘ಇಲಾ...’. ಇಲಾ ಅಂದರೆ ಆದರೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿದ್ದರೂ ಮೊದಲು ನ್ಜೂರಿ ಅಂದೇ ಶುರು ಮಾಡಬೇಕು, ಕಷ್ಟದ ಮಾತು ಬರುವುದು ಇಲಾ ಆದ ಮೇಲೆ. ನಾನು ಮೊದಲನೇ ನ್ಜೂರಿಗೇ ಕಾಲು ಕೀಳುತ್ತಿದ್ದೆ, ಇವರದ್ದು ಬರೀ ಟೈಂಪಾಸ್ ಅಂದುಕೊಂಡು. ಒಂದೆರಡು ಸಲ ತಡೆದು ನಿಂತಾಗ ಮ್ಜೇ ಹೇಳಿಯೂ ಇದ್ದರು, ‘ಮ್ವುವಾ ಇಮೆಜಿಡಿ ಕಿಡೋಗೋ’ ಅಂತ. ಅಂದರೆ ಮಳೆ ಕೊಂಚ ಜಾಸ್ತಿಯಾಯಿತು. ನಾನು ಅದನ್ನು ಹವಾಮಾನದ ಮಾತು ಅಂದುಕೊಂಡೆ. ಹಿಂದುಗಡೆ ತಗಡು ಸೋರಿ, ಕೆಳಗಿನ ಸಾಲಿನ ಮೂಟೆಗಳು ನೀರು ಕುಡಿದು ಗಟ್ಟಿಯಾಗಿಬಿಟ್ಟಿದ್ದವು.

ಸ್ಟಾಕ್ ಎಣಿಸಲು ಬಂದ ಲೆಕ್ಕಪರಿಶೋಧಕರು ಅಲ್ಲಿಯವರೇ. ಮ್ಜೇ ಜೊತೆ ಕೂತು ಚಹಾ ಕುಡಿದರು, ಮಕ್ಕಳ ವಿಚಾರ ಕೇಳಿದರು, ಮಧ್ಯಾಹ್ನದೊಳಗೆ ಸೋರುವ ಜಾಗವನ್ನೂ ನೋಡಿ ಬಂದರು. ನನ್ನ ಬೋನಸ್ ಹೋಯಿತು, ಕಾಂಟ್ರಾಕ್ಟ್ ಮುಂದುವರಿಸಲಿಲ್ಲ.

ಹಾಗಾಗಿ ‘ಅವರು ಸುತ್ತಿ ಬಳಸಿ ಮಾತಾಡುತ್ತಾರೆ, ಹೇಗೆ ಬಾಯಿ ಬಿಡಿಸಲಿ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕರಿಯಾಕೋ ಮಾರ್ಕೆಟ್‌ನಲ್ಲಿ ಕಮ್ಮಿ ಬೆಲೆ ಕೇಳಿ ನೋಡಿ, ಎಷ್ಟು ಖಡಕ್ಕಾಗಿ ಮಾತಾಡುತ್ತಾರೆ ಅಂತ ಗೊತ್ತಾಗುತ್ತದೆ. ಇನ್ನು ಹೆಂಗಸರು ಉಡುವ ಕಾಂಗಾ ಬಟ್ಟೆಯ ಅಂಚಿನ ಹತ್ತಿರ ಒಂದು ಸಾಲು ಅಚ್ಚಾಗಿರುತ್ತದೆ. ಪಕ್ಕದ ಮನೆಯವಳಿಗೆ ಬಾಯಲ್ಲಿ ಹೇಳಲಾಗದ್ದನ್ನು ಆ ಬಟ್ಟೆ ಉಟ್ಟುಕೊಂಡು ಅವಳ ಎದುರೇ ಓಡಾಡಿ ಹೇಳುವುದುಂಟು. ಹೇಳುವ ದಾರಿಗಳು ಬೇಕಾದಷ್ಟಿವೆ, ನಾವು ಕಿವಿ ಕೊಡಬೇಕು ಅಷ್ಟೇ.

ನೆಟ್‌ನಲ್ಲಿ ಸಿಗುವ ನುಡಿಗಟ್ಟಿನ ಪಟ್ಟಿಗಳಲ್ಲಿ ಎಷ್ಟೋ ಕೀನ್ಯಾದ ಶಾಲೆ ಮಕ್ಕಳು ಪ್ರಬಂಧಕ್ಕೆ ಓದಿಕೊಳ್ಳುವಂಥವು. ಕಿವಿಗೆ ಬಿದ್ದರೆ ಅರ್ಥವಾಗಲಿ, ಸಾಕು. ‘ಕಿನಾಗಾವುಬಾಗಾ’ ಅಂದರೂ ಬಿಡಿಸಿ ವಿವರವಾಗಿ ಅಂತಲೇ, ಅದು ಸುದ್ದಿ ಓದುವವರಿಗೆ ಇರಲಿ. ನೀವು ‘ನಓಂಬಾ’ ಕಲಿಯಿರಿ, ದಯವಿಟ್ಟು ಅಂದ ಹಾಗೆ. ನಓಂಬಾ ಚಾಯ್ ಅಂದರೆ ಚಹಾ ಕೊಡ್ತೀರಾ ಅಂತ. ‘ನಓಂಬಾ ಉನಿಯೆಲೆಜೆ ತರತೀಬು’, ಸ್ವಲ್ಪ ನಿಧಾನವಾಗಿ ವಿವರಿಸಿ. ‘ತುವೊಂಗೇ ಪೆಂಬೇನಿ’, ಪಕ್ಕಕ್ಕೆ ಹೋಗಿ ಮಾತಾಡೋಣ. ಇದೊಂದು ಗೊತ್ತಿದ್ದಿದ್ದರೆ ನನ್ನ ಬೋನಸ್ ಉಳಿಯುತ್ತಿತ್ತೇನೋ. ನೇರವಾಗಿ ಮಾತಾಡುವ ಆಸೆ ಇದ್ದರೆ ನಿಮ್ಮ ಬಗ್ಗೆಯೇ ಮಾತಾಡಿ: ‘ಕುಸೇಮಾ ಕ್ವೇಲಿ, ಸಿಜಾಯೆಲೇವಾ’, ನಿಜ ಹೇಳಬೇಕೆಂದರೆ ನನಗೆ ಅರ್ಥವಾಗಿಲ್ಲ.

ಹಾಂ, ಗಂಟೆ ಹೇಳುವಾಗಲೂ ಹುಷಾರು. ಅಲ್ಲಿ ಎಣಿಕೆ ಬೆಳಗ್ಗೆ ಆರರಿಂದ ಶುರು, ‘ಸಾ ಮ್ಬಿಲಿ’ ಅಂದರೆ ಎರಡು ಗಂಟೆ ಅಂತಿದ್ದರೂ ನಮ್ಮ ಎಂಟು.

ಮುಂದೆ ನೈರೋಬಿಗೆ ವರ್ಗವಾದರೆ ಲೆಕ್ಕ ಬೇರೆ. ಅಲ್ಲಿ ಹುಡುಗರ ಬಾಯಲ್ಲಿ ಷೆಂಗ್ ಅನ್ನುವ ಸ್ವಾಹಿಲಿ-ಇಂಗ್ಲಿಷ್ ಬೆರೆತ ಬೀದಿ ಮಾತು, ಆಫೀಸಿನಲ್ಲಿ ಇಂಗ್ಲಿಷ್, ಶಿಕಮೋ ಅಷ್ಟಾಗಿ ಕೇಳಿಸುವುದಿಲ್ಲ. ದಾರ್‌ನಲ್ಲಿ ಇಂಗ್ಲಿಷ್ ನಂಬಿಕೊಂಡು ಕೂತರೆ ಮ್ಯಾನೇಜರ್ ಮೇಜಿನ ತನಕ ನಡೆಯುತ್ತದೆ, ಗೋಡೌನ್‌ಗೆ ಹೋಗುವಾಗ ಮೂರು ಹಬಾರಿ ಆದರೂ ಬಾಯಲ್ಲಿರಬೇಕು.